ಸಫ್ ಚದುರಿದರೂ ಜಮಾಅತ್ ಚದುರಬಾರದು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಅವರ ಸಂಗಡಿಗರ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ರಮಝಾನ್ ಬರುವ ಮುಂಚೆ ಮಸೀದಿಗೆ ಸುಣ್ಣ ಬಣ್ಣ ಮಾಡಿಸುವುದು ನಮ್ಮ ವಾಡಿಕೆ. ಈ ಸಲ ಹುಡುಗರು ಮೆಟ್ಟಿಲ ಕೆಳಗಿನ ಸಾಮಾನಿನ ಕೋಣೆಯನ್ನು ಖಾಲಿ ಮಾಡುವಾಗ ಹಳೆಯ ಚಾಪೆಗಳ ಹಿಂದೆ ಎರಡು ಆಕ್ಸಿಜನ್ ಸಿಲಿಂಡರ್ ಸಿಕ್ಕವು. ಪಕ್ಕದಲ್ಲಿ ಧೂಳು ಹಿಡಿದ ಒಂದು ನೋಟ್‌ಬುಕ್. "ಮೌಲಾನಾ, ಇದನ್ನೆಲ್ಲ ಗುಜರಿಗೆ ಹಾಕೋಣವೇ?" ಎಂದು ಒಬ್ಬ ಹುಡುಗ ಕೇಳಿದ. ನಾನು ನೋಟ್‌ಬುಕ್ ತೆಗೆದುಕೊಂಡು ಹುಜ್ರಾಕ್ಕೆ ಹೋಗಿ ಕುಳಿತು ಓದಿದೆ.

ಅದು 2021ರಲ್ಲಿ ನಮ್ಮ ಮೊಹಲ್ಲಾದ ಯುವಕರು ಬರೆದ ಪುಸ್ತಕ. ಮೊದಲ ಪುಟಗಳಲ್ಲಿ ರೇಷನ್ ಬೇಕಾದ ಮನೆಗಳ ಪಟ್ಟಿ. ಆಮೇಲೆ ಸಿಲಿಂಡರ್ ಕೇಳಿ ರಾತ್ರಿ ಫೋನ್ ಮಾಡಿದವರ ಹೆಸರು, ನಂಬರ್. ಮುಂದಿನ ಪುಟಗಳಲ್ಲಿ ಮಯ್ಯಿತ್‌ಗಳ ಹೆಸರು, ದಫನ್ ಆದ ಹೊತ್ತು. ಜುಲೈ ತಿಂಗಳಿಗೆ ಬರವಣಿಗೆ ನಿಂತಿದೆ. ಅಲ್ಲಿಂದಾಚೆ ಎಲ್ಲ ಖಾಲಿ ಪುಟ. ಅದರಲ್ಲಿದ್ದ ಹತ್ತು ನಂಬರಿಗೆ ಫೋನ್ ಮಾಡಿ ನೋಡಿದೆ. ಆರು ನಂಬರ್ ಚಾಲ್ತಿಯಲ್ಲೇ ಇಲ್ಲ.

ಸಹೋದರರೇ, ನಾಳೆ ಅಂಥದ್ದೇ ಇನ್ನೊಂದು ಕಾಯಿಲೆ ಬಂದರೆ ನಾವು ಯಾರ ಬಾಗಿಲು ತಟ್ಟಬೇಕು ಎಂಬುದು ನಮಗೆ ಗೊತ್ತಿಲ್ಲ. ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಪಕ್ಕದವರಿಗೆ ಸಕ್ಕರೆ ಕಾಯಿಲೆ ಇದೆಯೇ, ಅವರ ಮನೆಯಲ್ಲಿ ನೋಡಿಕೊಳ್ಳುವವರು ಯಾರಿದ್ದಾರೆ ಎಂದು ಕೇಳಿದರೆ ಉತ್ತರವಿಲ್ಲ. ಆದ್ದರಿಂದ ಆ ಖಾಲಿ ಪುಟಗಳ ಬಗ್ಗೆ ಇವತ್ತು ನಿಮ್ಮ ಜೊತೆ ಮಾತನಾಡಬೇಕೆಂದಿದ್ದೇನೆ.

ಸರ್ಗ್‌ನಲ್ಲಿ ನಡೆದ ಸಮಾಲೋಚನೆ

ನಮ್ಮ ಇತಿಹಾಸದಲ್ಲಿ ಇದಕ್ಕೆ ದಾರಿ ಇದೆ. ಹಝ್ರತ್ ಉಮರ್(ರ)ರ ಖಿಲಾಫತ್ ಕಾಲ. ಅವರು ಮದೀನಾದಿಂದ ಶಾಮ್ ಕಡೆಗೆ ಹೊರಟಿದ್ದರು. ಸರ್ಗ್ ಎಂಬಲ್ಲಿಗೆ ತಲುಪಿದಾಗ ಸೇನಾಪತಿ ಹಝ್ರತ್ ಅಬೂ ಉಬೈದಾ(ರ) ಬಂದು ಭೇಟಿಯಾಗಿ ಶಾಮ್‌ನಲ್ಲಿ ಪ್ಲೇಗ್ ಹಬ್ಬಿದೆ ಎಂದು ತಿಳಿಸಿದರು. ಖಲೀಫರು ಒಬ್ಬರೇ ತೀರ್ಮಾನಿಸಲಿಲ್ಲ. ಮೊದಲು ಮುಹಾಜಿರ್‌ಗಳನ್ನು ಕರೆದು ಕೇಳಿದರು. ಅವರಲ್ಲಿ ಎರಡು ಅಭಿಪ್ರಾಯ ಬಂತು. ಅನ್ಸಾರ್‌ಗಳನ್ನು ಕೇಳಿದರು. ಅಲ್ಲೂ ಎರಡು ಅಭಿಪ್ರಾಯ. ಕೊನೆಗೆ ಕುರೈಶ್‌ನ ಹಿರಿಯರನ್ನು ಕೇಳಿದಾಗ, ಜನರನ್ನು ಆ ಕಾಯಿಲೆಯ ಬಾಯಿಗೆ ಒಯ್ಯಬೇಡಿ, ಹಿಂದಿರುಗಿ ಎಂದು ಎಲ್ಲರೂ ಒಂದೇ ಮಾತು ಹೇಳಿದರು. ಬೆಳಗಾದರೆ ಹಿಂದಿರುಗುವುದೆಂದು ಉಮರ್(ರ) ಘೋಷಿಸಿದರು.

ಆಗ ಅಬೂ ಉಬೈದಾ(ರ) ಕೇಳಿದ ಪ್ರಶ್ನೆಯನ್ನು 2020ರಲ್ಲಿ ನಮ್ಮಲ್ಲೂ ಬಹಳ ಜನ ಕೇಳಿದ್ದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ? ಉಮರ್(ರ) ಕೊಟ್ಟ ಉತ್ತರದ ಸಾರ ಇದು: ನಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ. ಒಂದು ಕಣಿವೆಗೆ ಎರಡು ಮಗ್ಗುಲಿವೆ, ಒಂದು ಕಡೆ ಹಸಿರು ಮೇವು, ಇನ್ನೊಂದು ಕಡೆ ಬರಡು ನೆಲ. ಒಂಟೆಗಳನ್ನು ಹಸಿರಿನ ಕಡೆ ಮೇಯಿಸಿದರೂ ಅದು ತಖ್ದೀರ್, ಬರಡಿನಲ್ಲಿ ಬಿಟ್ಟರೂ ತಖ್ದೀರ್. ಆಯ್ಕೆ ಮಾಡುವ ಬುದ್ಧಿಯನ್ನು ಕೊಟ್ಟವನೂ ಅವನೇ. ಅಷ್ಟರಲ್ಲಿ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ತಾವು ಪ್ರವಾದಿ(ಸ)ರಿಂದ ಕೇಳಿದ್ದನ್ನು ಹೇಳಿದರು. ಒಂದು ಊರಿನಲ್ಲಿ ಪ್ಲೇಗ್ ಇದೆಯೆಂದು ತಿಳಿದರೆ ಅಲ್ಲಿಗೆ ಹೋಗಬಾರದು. ನೀವಿರುವ ಊರಿಗೇ ಅದು ಬಂದರೆ ಅದಕ್ಕೆ ಹೆದರಿ ಅಲ್ಲಿಂದ ಓಡಬಾರದು.

ಅಬೂ ಉಬೈದಾ(ರ) ಶಾಮ್‌ಗೆ ಮರಳಿದರು. ಖಲೀಫರು ಅವರನ್ನು ಮದೀನಾಕ್ಕೆ ಕರೆಸಿಕೊಳ್ಳಲು ಪತ್ರ ಬರೆದರೂ ತಮ್ಮ ಜನರನ್ನು ಬಿಟ್ಟು ಬರಲು ಅವರು ಒಪ್ಪಲಿಲ್ಲ. ಹಿಜ್ರಿ 18ರಲ್ಲಿ, ಅಂದರೆ ಕ್ರಿ.ಶ. 639ರಲ್ಲಿ, ಅಮ್ವಾಸ್‌ನ ಆ ಪ್ಲೇಗ್‌ನಲ್ಲೇ ವಫಾತ್ ಆದರು. ಅವರ ನಂತರ ಹೊಣೆ ಹೊತ್ತ ಹಝ್ರತ್ ಮುಆದ್ ಬಿನ್ ಜಬಲ್(ರ) ಕೂಡ ಅದರಲ್ಲೇ ಹೋದರು. ಆಮೇಲೆ ಬಂದ ಹಝ್ರತ್ ಅಮ್ರ್ ಬಿನ್ ಆಸ್(ರ), ಜನ ಒಂದೇ ಕಡೆ ಗುಂಪಾಗಿರದೆ ಬೆಟ್ಟಗಳಲ್ಲಿ ಚದುರಿ ಇರುವಂತೆ ಮಾಡಿದರು. ಪ್ಲೇಗ್ ಇಳಿಯಿತು. ಇದನ್ನು ಕೇಳಿದ ಉಮರ್(ರ) ಆಕ್ಷೇಪಿಸಲಿಲ್ಲ.

ಹೊರಗಿದ್ದವರು ಒಳಗೆ ಹೋಗಲಿಲ್ಲ, ಒಳಗಿದ್ದವರು ತಮ್ಮ ಜನರನ್ನು ಬಿಟ್ಟು ಓಡಲಿಲ್ಲ. ಎರಡೂ ತವಕ್ಕುಲ್‌ನ ಮುಖಗಳೇ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂದು ಪ್ರವಾದಿ(ಸ) ಆ ಬದುವಿಗೆ ಕಲಿಸಿದ್ದು ಇದನ್ನೇ.

ಒಂದು ಚರ್ಚಿನ ಊರು

ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವನು. ಆಗ ಓದಿದ ಒಂದು ಊರಿನ ಕಥೆಯನ್ನು ಇಲ್ಲಿ ಹೇಳಬೇಕು. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಈಮ್ ಎಂಬ ಹಳ್ಳಿ ಇದೆ. 1665ರಲ್ಲಿ ಲಂಡನ್‌ನಿಂದ ಅಲ್ಲಿನ ಒಬ್ಬ ದರ್ಜಿಯ ಮನೆಗೆ ಬಟ್ಟೆಯ ಗಂಟು ಬಂತು. ಅದರ ಜೊತೆ ಪ್ಲೇಗ್ ಬಂತು. ಮರುವರ್ಷ ಬೇಸಿಗೆಗೆ ಸಾವು ಏರಿದಾಗ ಅನುಕೂಲಸ್ಥರು ಊರು ಬಿಡುವ ಯೋಚನೆಯಲ್ಲಿದ್ದರು.

ಆ ಊರಿನ ಚರ್ಚಿಗೆ ವಿಲಿಯಂ ಮೊಂಪೆಸನ್ ಎಂಬ ಪಾದ್ರಿ ಹೊಸದಾಗಿ ಬಂದಿದ್ದರು. ಊರಿನವರಿಗೆ ಅವರ ಮೇಲೆ ಅಷ್ಟು ವಿಶ್ವಾಸವಿರಲಿಲ್ಲ. ಜನರ ಒಲವೆಲ್ಲ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಮೇಲೆ. ಸರಕಾರ ವಿಧಿಸಿದ ಪ್ರಾರ್ಥನಾ ವಿಧಾನವನ್ನು ಒಪ್ಪದ್ದಕ್ಕೆ ಸ್ಟ್ಯಾನ್ಲಿ ಹುದ್ದೆ ಕಳೆದುಕೊಂಡಿದ್ದರು. ಇಬ್ಬರದೂ ಬೇರೆ ಬೇರೆ ಪಕ್ಷ. ಆದರೂ ಆ ಕಷ್ಟದಲ್ಲಿ ಇಬ್ಬರೂ ಒಟ್ಟಿಗೆ ನಿಂತು ಜನರನ್ನು ಒಪ್ಪಿಸಿದರು. ಯಾರೂ ಊರಿನ ಗಡಿ ದಾಟುವುದಿಲ್ಲ. ಚರ್ಚಿನ ಬಾಗಿಲು ಮುಚ್ಚಿ ಪ್ರಾರ್ಥನೆಯನ್ನು ಬಯಲಿಗೆ ಒಯ್ದರು. ಕುಟುಂಬ ಕುಟುಂಬದ ನಡುವೆ ಅಂತರ ಬಿಟ್ಟು ನಿಂತರು. ಅಕ್ಕಪಕ್ಕದ ಊರಿನವರು ಗಡಿಯ ಕಲ್ಲಿನ ಬಳಿ ಆಹಾರ ಇಟ್ಟು ಹೋಗುತ್ತಿದ್ದರು. ಇವರು ಕಲ್ಲಿನ ಗುಳಿಗಳಲ್ಲಿ ವಿನೆಗರ್ ತುಂಬಿಸಿ ಅದರೊಳಗೆ ಹಣ ಹಾಕಿಡುತ್ತಿದ್ದರು.

ಸುಮಾರು 260 ಮಂದಿ ಸತ್ತರೆಂದು ಆ ಊರಿನ ದಾಖಲೆ ಹೇಳುತ್ತದೆ. ಒಬ್ಬ ತಾಯಿ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದಳು. ಪಾದ್ರಿ ಮೊಂಪೆಸನ್‌ರ ಹೆಂಡತಿಯೂ ಆ ಆಗಸ್ಟ್‌ನಲ್ಲಿ ತೀರಿಕೊಂಡರು. ಆದರೆ ಕಾಯಿಲೆ ಸುತ್ತಲಿನ ಊರುಗಳಿಗೆ ಹರಡಲಿಲ್ಲ.

ಪ್ಲೇಗ್‌ನ ಊರಿನಿಂದ ಓಡಬಾರದು ಎಂಬ ನಮ್ಮ ಪ್ರವಾದಿ(ಸ)ರ ಬೋಧನೆಯನ್ನು ಆ ಹಳ್ಳಿಯ ಜನ ಕೇಳಿರಲಾರರು. ಕೇಳದೆಯೇ ಹಾಗೆ ನಡೆದರು. ಕೇಳಿರುವ ನಾವು ಹೇಗೆ ನಡೆಯಬೇಕು? ಇನ್ನೊಂದು ಮಾತನ್ನೂ ಯೋಚಿಸಿ. ಅಲ್ಲಿ ಎರಡು ಪಕ್ಷದ ಇಬ್ಬರು ಪಾದ್ರಿಗಳು ಒಂದಾದರು. ನಮ್ಮಲ್ಲಿ ಕಮಿಟಿಯ ಹಳೆಯ ಗುಂಪು, ಹೊಸ ಗುಂಪು ಎಂದು ಸಲಾಮ್ ಹೇಳುವುದನ್ನೂ ಬಿಟ್ಟವರಿದ್ದಾರೆ. ಕಾಯಿಲೆ ಬಂದ ಮೇಲೆ ಒಂದಾಗಲು ಹೊರಟರೆ ಆಗ ಸಮಯ ಇರುವುದಿಲ್ಲ.

ಮಾರ್ಚ್ 10

ಈಗ ನಮ್ಮ ಕಾಲಕ್ಕೆ ಬರೋಣ. 2020ರ ಮಾರ್ಚ್ 10. ಭಾರತದಲ್ಲಿ ಕೋವಿಡ್‌ನ ಮೊದಲ ಸಾವು ಆದದ್ದು ಅಂದು, ನಮ್ಮದೇ ರಾಜ್ಯದ ಕಲಬುರಗಿಯ ಒಬ್ಬ ಹಿರಿಯರದು. ಅದೇ ತಾರೀಖಿನ ಸಂಜೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ವರ್ನನ್ ಎಂಬ ಊರಿನ ಚರ್ಚೊಂದರಲ್ಲಿ ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. 61 ಜನ, ಎರಡೂವರೆ ಗಂಟೆ. ಕೈಗೆ ಹಚ್ಚುವ ಔಷಧ ಇಟ್ಟಿದ್ದರು, ಅಪ್ಪಿಕೊಳ್ಳುವುದನ್ನು ಬಿಟ್ಟಿದ್ದರು. ಆದರೆ ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು. ಮುಂದಿನ ದಿನಗಳಲ್ಲಿ 53 ಜನ ಕಾಯಿಲೆ ಬಿದ್ದರು. ಇಬ್ಬರು ತೀರಿಕೊಂಡರು.

ಮುಚ್ಚಿದ ಕೋಣೆ, ತುಂಬಿದ ಜನ, ಎತ್ತಿದ ದನಿ. ಚರ್ಚಿನ ಹಾಡಿಗೂ ನಮ್ಮ ಆಮೀನ್‌ಗೂ ಗಾಳಿ ಭೇದ ಮಾಡುವುದಿಲ್ಲ. ಅವರು ಒಳ್ಳೆಯ ಜನ, ಎಚ್ಚರದ ಜನ. ಕಡಿಮೆಯಾದದ್ದು ಒಂದೇ. ಮೈಗೆ ಸರಿ ಇಲ್ಲದವರು ಮನೆಯಲ್ಲಿ ಉಳಿಯುವ ಅಭ್ಯಾಸ.

ಈ ಅಭ್ಯಾಸವನ್ನು ನಮಗೆ ಪ್ರವಾದಿ(ಸ) ಎಂದೋ ಕಲಿಸಿದ್ದಾರೆ. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಮಸೀದಿಗೆ ಬರಬೇಡಿ ಎಂದರು, ಪಕ್ಕದವರಿಗೆ ವಾಸನೆಯಿಂದ ತೊಂದರೆ ಎಂದು. ವಾಸನೆಗೇ ಹೀಗಾದರೆ ಜ್ವರಕ್ಕೆ? ಮಳೆ ಚಳಿಯ ರಾತ್ರಿ ಅಝಾನ್‌ನಲ್ಲೇ, ಇದ್ದಲ್ಲೇ ನಮಾಝ್ ಮಾಡಿ ಎಂದು ಕೂಗಿಸಿದರು. ಸಕೀಫ್ ಕುಲದ ನಿಯೋಗದಲ್ಲಿ ಬಂದ ಕುಷ್ಠರೋಗಿಗೆ, ನಿನ್ನ ಬೈಅತ್ ಸ್ವೀಕರಿಸಿದ್ದೇವೆ, ಮರಳಿ ಹೋಗು ಎಂದು ಹೇಳಿಕಳಿಸಿದರು. ಗಮನಿಸಿ, ದೂರ ಇರಿಸಿದರು, ಆದರೆ ತಿರಸ್ಕರಿಸಲಿಲ್ಲ. ಆ ವ್ಯಕ್ತಿ ಸಮುದಾಯದೊಳಗೇ ಇದ್ದ.

ನನ್ನ ತಪ್ಪು

ಇಷ್ಟನ್ನೂ ಬಲ್ಲ ನಾನು ಒಂದು ತಪ್ಪು ಮಾಡಿದೆ. ಮಿಂಬರ್ ಮೇಲೆ ನಿಂತು ಅದನ್ನು ಹೇಳದೆ ಹೋದರೆ ಉಳಿದ ಮಾತಿಗೆ ಬೆಲೆ ಇಲ್ಲ.

2021ರ ಏಪ್ರಿಲ್. ರಮಝಾನ್‌ನ ಮೊದಲ ದಿನಗಳು, ಮಸೀದಿ ಇನ್ನೂ ತೆರೆದಿತ್ತು. ಮೊದಲ ಸಫ್‌ನಲ್ಲಿ ನಲವತ್ತು ವರ್ಷ ನಿಂತ ಒಬ್ಬ ಹಿರಿಯರಿದ್ದರು. ನಾನು ಈ ಊರಿಗೆ ಬಂದಾಗ ಮೂರು ತಿಂಗಳು ನನಗೆ ಅವರ ಮನೆಯಿಂದಲೇ ಊಟ. ಫಜರ್‌ನಲ್ಲಿ ಅವರು ಕೆಮ್ಮುತ್ತಿದ್ದರು. ಸಲಾಮ್ ಆದ ಮೇಲೆ ನಾನು ಮುಖ ನೋಡಿದೆ. "ಸುಣ್ಣದ ಧೂಳು ಮೌಲಾನಾ" ಎಂದು ನಕ್ಕರು. ಅದು ಧೂಳಲ್ಲ ಎಂದು ನನಗೆ ಅನ್ನಿಸಿತ್ತು. ಮನೆಗೆ ಹೋಗಿ ಎಂದು ಆ ಹಿರಿಯರಿಗೆ ಹೇಗೆ ಹೇಳುವುದು? ಸಂಕೋಚ. ಸುಮ್ಮನಾದೆ. ಅವರು ಇನ್ನೂ ಮೂರು ದಿನ ಬಂದರು. ಎರಡು ವಾರದೊಳಗೆ ಅವರೂ ಹೋದರು, ಅವರ ಎಡಕ್ಕೆ ನಿಲ್ಲುತ್ತಿದ್ದವರೂ ಹೋದರು. ಯಾರಿಂದ ಯಾರಿಗೆ ಬಂತು ಎಂಬುದು ಅಲ್ಲಾಹನಿಗೆ ಗೊತ್ತು. ನಾನು ಹೇಳಬೇಕಾದದ್ದನ್ನು ಹೇಳಲಿಲ್ಲ ಎಂಬುದು ನನಗೆ ಗೊತ್ತು.

ಆಮೇಲೆ ಅವರ ಮಗ ಹೇಳಿದರು: "ಅಬ್ಬಾಗೆ ಜ್ವರ ಇತ್ತು. ಟೆಸ್ಟ್ ಮಾಡಿಸಿದರೆ ಬಾಗಿಲಿಗೆ ಸ್ಟಿಕ್ಕರ್ ಅಂಟಿಸುತ್ತಾರೆ, ಸತ್ತರೆ ಜನಾಝಾಕ್ಕೂ ಯಾರೂ ಬರುವುದಿಲ್ಲ ಎಂದು ಹೆದರಿ ನಮಗೂ ಹೇಳಲಿಲ್ಲ."

ಆ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದಿನ ವರ್ಷ ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನ ಸುದ್ದಿ ಬಂದ ಮೇಲೆ ಕಾಯಿಲೆಗೇ ನಮ್ಮ ಧರ್ಮದ ಹೆಸರು ಕಟ್ಟಿದರು. ತರಕಾರಿ ಗಾಡಿಯವರ ಹೆಸರು ಕೇಳಿ ವಾಪಸ್ ಕಳಿಸಿದರು. ಅದು ಅನ್ಯಾಯ. ತಬ್ಲೀಗ್‌ಗೆ ಬಂದ ವಿದೇಶೀಯರ ಮೇಲಿನ ಕೇಸುಗಳನ್ನು ಆ ಆಗಸ್ಟ್‌ನಲ್ಲೇ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ರದ್ದು ಮಾಡಿತು. ಆದರೆ ಸಹೋದರರೇ, ಅನ್ಯಾಯಕ್ಕೆ ಹೆದರಿ ಜ್ವರ ಮುಚ್ಚಿಟ್ಟರೆ ನಷ್ಟ ನಮ್ಮ ಮನೆಗೇ. ಹೊರಗಿನವರ ಬಾಯಿ ಮುಚ್ಚಿಸುವುದು ನಮ್ಮ ಕೈಯಲ್ಲಿಲ್ಲ. ಕಾಯಿಲೆ ಬಿದ್ದವನನ್ನು ಈ ಮೊಹಲ್ಲಾ ಕೈಬಿಡುವುದಿಲ್ಲ ಎಂಬ ಧೈರ್ಯ ಕೊಡುವುದು ನಮ್ಮ ಕೈಯಲ್ಲಿದೆ. ಆ ಹಿರಿಯರಿಗೆ ಆ ಧೈರ್ಯ ನಾವು ಕೊಟ್ಟಿರಲಿಲ್ಲ.

ಆರೋಗ್ಯದ ದಿನಗಳಲ್ಲಿ ಮಾಡಬೇಕಾದ ಕೆಲಸ

ಹಾಗಾದರೆ ಈಗ ಏನು ಮಾಡಬೇಕು? ಕಮಿಟಿಯ ಮುಂದೆ ಇಟ್ಟಿರುವ ವಿಷಯಗಳನ್ನೇ ನಿಮಗೂ ಹೇಳುತ್ತೇನೆ.

ಒಂದನೆಯದು ಪುಸ್ತಕ. ಆ ನೋಟ್‌ಬುಕ್‌ನ್ನು ಹೊಸದಾಗಿ ಬರೆಯಬೇಕು. ಪ್ರತಿ ಗಲ್ಲಿಗೆ ಇಬ್ಬರು ಯುವಕರು, ಇಬ್ಬರು ಸಹೋದರಿಯರು. ಒಂಟಿಯಾಗಿರುವ ವೃದ್ಧರು, ಮಕ್ಕಳು ಗಲ್ಫ್‌ನಲ್ಲಿದ್ದು ಇಲ್ಲಿ ಇಬ್ಬರೇ ಉಳಿದ ತಂದೆತಾಯಿ, ಡಯಾಲಿಸಿಸ್‌ಗೆ ಹೋಗುವವರು, ಗರ್ಭಿಣಿಯರು, ದಿನಗೂಲಿಯಿಂದಲೇ ಒಲೆ ಉರಿಯುವ ಮನೆಗಳು. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಗಂಡಸರಿಗಿಂತ ಮೊದಲು ಹೆಂಗಸರಿಗೆ ಗೊತ್ತಾಗುತ್ತದೆ. ಆದ್ದರಿಂದ ಸಹೋದರಿಯರಿಲ್ಲದೆ ಈ ಕೆಲಸ ಆಗುವುದಿಲ್ಲ. ಈ ಪುಸ್ತಕ ಗುಟ್ಟಿನದು. ಒಬ್ಬರ ಕಾಯಿಲೆಯ ಮಾತು ಚಹಾ ಅಂಗಡಿಗೆ ಹೋದರೆ ಅದು ಅಮಾನತ್‌ಗೆ ದ್ರೋಹ. ವರ್ಷಕ್ಕೊಮ್ಮೆ, ಶಅಬಾನ್ ತಿಂಗಳಲ್ಲಿ, ಅದನ್ನು ತಿದ್ದಬೇಕು.

ಎರಡನೆಯದು ಮಸೀದಿ. ಪಶ್ಚಿಮದ ಕಿಟಕಿಗಳು ವರ್ಷಗಳಿಂದ ಬಿಗಿದುಕೊಂಡಿವೆ, ಅವನ್ನು ತೆರೆಸಬೇಕು. ನೀರಿನ ಡ್ರಮ್‌ಗೆ ಸರಪಳಿ ಕಟ್ಟಿದ ಒಂದೇ ಲೋಟ, ಬಾಗಿಲ ಬಳಿ ಹತ್ತು ತಲೆ ಏರಿದ ಟೋಪಿಗಳು, ಇವುಗಳನ್ನು ಇವತ್ತೇ ತೆಗೆಯಬಹುದು. ಕಾಯಿಲೆ ಹಬ್ಬಿದ ದಿನಗಳಲ್ಲಿ ವುಝೂ ಮನೆಯಲ್ಲಿ, ಮುಸಲ್ಲಾ ಅವರವರದು, ಖುತ್ಬಾ ಚಿಕ್ಕದು. ಸರಕಾರ ಮತ್ತು ಉಲಮಾಗಳು ಮಸೀದಿ ಮುಚ್ಚಿ ಎಂದರೆ ಮುಚ್ಚುವುದು. 2020ರಲ್ಲಿ ಹಜ್‌ಗೇ ಸೌದಿಯೊಳಗಿದ್ದ ಸುಮಾರು ಒಂದು ಸಾವಿರ ಜನರಿಗೆ ಮಾತ್ರ ಅವಕಾಶ ಸಿಕ್ಕಿತು. ಹರಮ್‌ಗೆ ಅನ್ವಯಿಸಿದ್ದು ನಮ್ಮ ಮೊಹಲ್ಲಾಕ್ಕೆ ಅನ್ವಯಿಸುವುದಿಲ್ಲವೇ? ಇನ್ನು ಮುಂದೆ ಕೆಮ್ಮು ಜ್ವರ ಇರುವವರಿಗೆ ಮನೆಯಲ್ಲಿ ನಮಾಝ್ ಮಾಡಿ ಎಂದು ನಾನೇ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ನನಗೇ ಜ್ವರ ಬಂದರೆ ನೀವು ನನಗೆ ಹೇಳಿ.

ಮೂರನೆಯದು ಹಣ. ಮಸೀದಿ ಮುಚ್ಚಿದರೆ ಜುಮಾದ ಚಂದಾ ನಿಲ್ಲುತ್ತದೆ. ಮುಅದ್ದಿನ್‌ರ, ಮದ್ರಸಾ ಉಸ್ತಾದರ ಸಂಬಳ ನಿಲ್ಲುತ್ತದೆ. ಅದೇ ಹೊತ್ತಿಗೆ ಹಮಾಲಿಯ ಮನೆ, ಆಟೋದವರ ಮನೆ, ಬೀಡಿ ಕಟ್ಟುವವರ ಮನೆಯಲ್ಲಿ ಅಕ್ಕಿ ಮುಗಿಯುತ್ತದೆ. ಬೈತುಲ್ ಮಾಲ್‌ನಲ್ಲಿ ಇದಕ್ಕೆಂದೇ ಬೇರೆ ಲೆಕ್ಕ ಇಡಬೇಕು. ಕಟ್ಟಡಕ್ಕೆ, ಟೈಲ್ಸ್‌ಗೆ ಅದನ್ನು ಮುಟ್ಟಬಾರದು. ಕೇಳಿ ಬರಲು ನಾಚುವವರ ಬಾಗಿಲಿಗೆ ಫೋಟೋ ತೆಗೆಯದೆ ಮುಟ್ಟಿಸಬೇಕು.

ನಾಲ್ಕನೆಯದು ಮಯ್ಯಿತ್. 2021ರಲ್ಲಿ ನಾಲ್ಕೈದು ಹುಡುಗರೇ ಎಲ್ಲ ಹೊತ್ತರು. ಆಸ್ಪತ್ರೆಯಿಂದ ಯಾರೂ ಒಯ್ಯದ ಬೇರೆ ಧರ್ಮದವರ ಶವಗಳನ್ನೂ ಅವರವರ ಪದ್ಧತಿಯಂತೆ ಅಂತ್ಯಸಂಸ್ಕಾರಕ್ಕೆ ಮುಟ್ಟಿಸಿದರು. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ಆಗ ಹೆಂಗಸರ ಗುಸ್ಲ್‌ಗೆ ಜನ ಸಿಗದೆ ಒಂದು ಮಯ್ಯಿತ್ ಅರ್ಧ ದಿನ ಕಾಯಬೇಕಾಯಿತು. ಗುಸ್ಲ್, ಕಫನ್ ಬಲ್ಲ ಹತ್ತು ಗಂಡಸರು, ಹತ್ತು ಹೆಂಗಸರನ್ನು ಈಗಲೇ ತಯಾರು ಮಾಡಬೇಕು. ಕೈಗವಸು, ಮಾಸ್ಕ್ ಬಳಸುವುದನ್ನು ಸರಕಾರಿ ಆಸ್ಪತ್ರೆಯ ನರ್ಸ್ ಒಬ್ಬರಿಂದ ಕಲಿಯಬೇಕು.

ಐದನೆಯದು ಮಾತು. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿ ಮಾಡಲು ಸಾಕು ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ವಾಟ್ಸ್‌ಆ್ಯಪ್ ಬರುವ ಎಷ್ಟೋ ಮೊದಲು ಹೇಳಿದ ಮಾತದು. ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂಬ ವಾಯ್ಸ್ ಮೆಸೇಜ್ ನಮ್ಮಲ್ಲೇ ಎಷ್ಟು ಮನೆ ಸುತ್ತಿತು! ಅದನ್ನು ಕಳಿಸಿದವರು ಯಾರೆಂದು ಇವತ್ತಿಗೂ ಯಾರೂ ಬಲ್ಲರೇ? ಮುಂದಿನ ಸಲ ಕಾಯಿಲೆಯ ವಿಷಯದಲ್ಲಿ ಮಸೀದಿಯ ಮೈಕ್‌ನಿಂದ ಒಂದೇ ಮಾತು ಬರಬೇಕು, ಅದು ವೈದ್ಯರನ್ನು ಕೇಳಿ ತಿಳಿದ ಮಾತಾಗಿರಬೇಕು. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೂರಿಸಿ ನೀರು ಕೊಟ್ಟು ಕೇಳಿದ್ದಕ್ಕೆ ನಿಜ ಹೇಳಿ. ಬಿಸಿಲಲ್ಲಿ ನಡೆದು ಬರುವ ಆ ತಾಯಿ ನಮ್ಮ ಜೀವ ಉಳಿಸಲು ಬಂದವಳು.

ಸಹೋದರರೇ, ಒಂದು ಜೀವ ಉಳಿಸಿದವನು ಇಡೀ ಮಾನವಕುಲವನ್ನೇ ಉಳಿಸಿದಂತೆ ಎಂಬುದು ಕುರ್‌ಆನ್‌ನ ಬೋಧನೆ. ಜಮಾಅತ್ ಎಂದರೆ ಸಫ್ ಮಾತ್ರವಲ್ಲ. ಕಾಯಿಲೆಯ ದಿನಗಳಲ್ಲಿ ಸಫ್ ಚದುರಬೇಕಾಗಬಹುದು. ಅಮ್ವಾಸ್‌ನಲ್ಲಿ ಸಹಾಬಿಗಳೇ ಬೆಟ್ಟಗಳಿಗೆ ಚದುರಿದರು. ಆಗಲೂ ಅವರು ಒಂದೇ ಜಮಾಅತ್ ಆಗಿದ್ದರು, ಏಕೆಂದರೆ ಒಬ್ಬರ ಹೊಣೆ ಇನ್ನೊಬ್ಬರ ಮೇಲಿತ್ತು.

ಸಿಲಿಂಡರ್‌ಗಳನ್ನು ಗುಜರಿಗೆ ಹಾಕಲಿಲ್ಲ. ಪರೀಕ್ಷೆ ಮಾಡಿಸಲು ಕಳಿಸಿದ್ದೇವೆ. ಹೊಸ ನೋಟ್‌ಬುಕ್ ಹುಜ್ರಾದ ಮೇಜಿನ ಮೇಲಿದೆ. ಇಶಾ ನಂತರ ಪ್ರತಿ ಗಲ್ಲಿಯಿಂದ ಒಬ್ಬರು ಬಂದು ಹೆಸರು ಬರೆಸಿ. ಮೊದಲ ಪುಟದಲ್ಲಿ ನನ್ನ ಹೆಸರು, ನನ್ನ ಬಿ.ಪಿ., ನನ್ನ ಮನೆಯ ನಂಬರ್ ಬರೆದಿದ್ದೇನೆ.

ಯಾ ಅಲ್ಲಾಹ್, ಆ ಎರಡು ವರ್ಷಗಳಲ್ಲಿ ನಮ್ಮನ್ನು ಅಗಲಿದವರ ಖಬರ್‌ಗಳನ್ನು ಬೆಳಕಿನಿಂದ ತುಂಬು. ಜನಾಝಾಕ್ಕೆ ಹೆಗಲು ಕೊಡಲಾಗದ ನಮ್ಮ ಅಸಹಾಯಕತೆಯನ್ನು ಮನ್ನಿಸು. ಹೇಳಬೇಕಾದ ಹೊತ್ತಿನಲ್ಲಿ ಸುಮ್ಮನಿದ್ದ ನಮ್ಮ ನಾಲಗೆಯನ್ನು ಕ್ಷಮಿಸು. ನಮ್ಮ ಊರನ್ನು, ಊರಿನ ಎಲ್ಲ ಜಾತಿ ಧರ್ಮದ ಜನರನ್ನು ಇಂಥ ಕಾಯಿಲೆಗಳಿಂದ ಕಾಪಾಡು. ಪರೀಕ್ಷೆ ಬಂದೇ ಬಂದರೆ ಒಬ್ಬರನ್ನೊಬ್ಬರು ಕೈಬಿಡದ ಮನಸ್ಸು ಕೊಡು. ಆಮೀನ್.